ರಾಜ್ಯಶಾಸ್ತ್ರದಲ್ಲಿ ಬಿ.ಎ.: ಪೇಪರ್ ಓದಿದರೆ ಸಾಲದೇ?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳು ಕಾಮರ್ಸ್‌ನಲ್ಲಿ ಹನ್ನೆರಡನೇ ಮುಗಿಸಿ, ಈಗ ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡುತ್ತೇನೆ ಅನ್ನುತ್ತಾಳೆ. ದಿನಾ ಪೇಪರ್ ಓದಿದರೆ ತಿಳಿಯುವ ವಿಷಯಕ್ಕೆ ಮೂರು ವರ್ಷವೇ? ಯುಪಿಎಸ್‌ಸಿ ಆಗದಿದ್ದರೆ ಗತಿಯೇನು?

ಉತ್ತರ: ಕಾಮರ್ಸ್ ಅಡ್ಡಿಯಲ್ಲ. ಹನ್ನೆರಡನೇಯನ್ನು ಯಾವ ಶಾಖೆಯಲ್ಲಿ ಪಾಸಾದರೂ ಬಿ.ಎ. ಸೇರಬಹುದು.

ಇನ್ನು ಪೇಪರಿನ ಮಾತು. ಮುಂಬೈ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಬೆಳಗಾವಿ ಗಡಿ ತಕರಾರನ್ನೇ ನೋಡಿ. ಪೇಪರಿನಲ್ಲಿ ಅದು ಯಾರು ಏನಂದರು, ಎಲ್ಲಿ ಬಸ್ ನಿಂತಿತು ಎಂಬ ಸುದ್ದಿ. ತರಗತಿಯಲ್ಲಿ ಪ್ರಶ್ನೆಗಳೇ ಬೇರೆ. ಈ ತಕರಾರು ಬಗೆಹರಿಸಲು ಕೇಂದ್ರ ನೇಮಿಸಿದ ಮಹಾಜನ ಆಯೋಗದ 1967ರ ವರದಿಯನ್ನು ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಳ್ಳಿಹಾಕಿತು. ಹಾಗಾದರೆ ಆಯೋಗದ ಶಿಫಾರಸಿಗೆ ಬಲವೆಷ್ಟು? ಸಂವಿಧಾನದ 3ನೇ ವಿಧಿಯಂತೆ ಗಡಿ ಬದಲಿಸುವುದು ಸಂಸತ್ತು. ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಪಾಲಿಸಲೇಬೇಕೆಂದಿಲ್ಲ. ಹಾಗಿದ್ದೂ ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿ (ಕೇಂದ್ರ, ರಾಜ್ಯಗಳ ನಡುವಿನ ವ್ಯಾಜ್ಯ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆನ್ನುವುದು) ಹಿಡಿದು ಸುಪ್ರೀಂ ಕೋರ್ಟಿಗೆ ಹೋದದ್ದೇಕೆ? ಭಾಷೆಯೊಂದೇ ರಾಜ್ಯಕ್ಕೆ ಆಧಾರವಾಗಬಹುದೇ? ಎರಡೂ ಕಡೆಯ ವಾದವನ್ನು ದಾಖಲೆ ಸಮೇತ ಕಟ್ಟಿ, ಆಮೇಲೆ ತೀರ್ಮಾನ ಹೇಳುವುದನ್ನು ಇಲ್ಲಿ ಕಲಿಯುತ್ತಾರೆ. ನೀವು ಯಾರ ಪರ ಅನ್ನುವುದಕ್ಕೆ ಅಂಕವಿಲ್ಲ.

ಭಾರತದ ಸಂವಿಧಾನ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧ ಹೇಗೋ ಸಾಗುತ್ತವೆ. ಹೆಚ್ಚಿನವರು ಮುಗ್ಗರಿಸುವುದು ರಾಜಕೀಯ ಸಿದ್ಧಾಂತದಲ್ಲಿ. ಯುರೋಪಿನ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಮೂವರೂ ಸಾಮಾಜಿಕ ಒಪ್ಪಂದ (ಜನರ ಒಪ್ಪಂದದಿಂದಲೇ ರಾಜ್ಯ ಹುಟ್ಟಿತು ಎಂಬ ವಾದ) ಎಂದರು ಅಂತ ಗೈಡ್ ನೋಡಿ ಬಾಯಿಪಾಠ ಮಾಡುತ್ತಾರೆ. ಹಾಬ್ಸ್ ಆ ಒಪ್ಪಂದದಿಂದ ಆಳುವವನ ಕೈ ಬಲಪಡಿಸಿದ, ಲಾಕ್ ಅದೇ ಕೈಗೆ ಕಡಿವಾಣ ಹಾಕಿದ, ರೂಸೋ ಪರಮಾಧಿಕಾರವನ್ನು ಜನರಲ್ಲೇ ಇಟ್ಟ. ಈ ವ್ಯತ್ಯಾಸ ಹಿಡಿಯದಿದ್ದರೆ ಪುಟಗಟ್ಟಲೆ ಬರೆದೂ ಅಂಕ ಬಾರದು. ಮೂಲ ಬರಹದ ಹತ್ತು ಪುಟ ಓದುವುದು ಗೈಡಿನ ನೂರು ಪುಟಕ್ಕಿಂತ ಮೇಲು.

ಕಾಲೇಜು ಆರಿಸುವಾಗ ಹೆಸರಿಗಿಂತ ಮೊದಲು ಒಂದು ಮಾತು ಕೇಳಿ: ರಾಜ್ಯಶಾಸ್ತ್ರ ಮೂರನೇ ವರ್ಷದವರೆಗೂ ಮೇಜರ್, ಅಂದರೆ ಮುಖ್ಯ ವಿಷಯವಾಗಿ ಇದೆಯೇ? ಕೆಲವೆಡೆ ಮೈನರ್, ಅಂದರೆ ಪೂರಕ ವಿಷಯವಾಗಿ ಮಾತ್ರ ಇರುತ್ತದೆ. ಸೇರಿದ ಮೇಲೆ ಗೊತ್ತಾದರೆ ಕಷ್ಟ. ಕಾಲೇಜಿಗೆ ಅರ್ಜಿ ಹಾಕುವ ಮುಂಚೆ ಮುಂಬೈ ವಿಶ್ವವಿದ್ಯಾಲಯದ ಆನ್‌ಲೈನ್ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಕನ್ನಡ ಭಾಷಾ ಅಲ್ಪಸಂಖ್ಯಾತ ಮಾನ್ಯತೆಯ ಕಾಲೇಜಾದರೆ ಆ ಕೋಟಾವನ್ನೂ ಬಿಡಬೇಡಿ. ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತೃಭಾಷೆ ಕನ್ನಡವೆಂದೇ ಇದೆಯೇ ಈಗಲೇ ನೋಡಿ.

ಬರೀ ಯುಪಿಎಸ್‌ಸಿಗಾಗಿ ಈ ಪದವಿ ಬೇಕಿಲ್ಲ. ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೆ 500. ರಾಜ್ಯಶಾಸ್ತ್ರವನ್ನು ಎಂಜಿನಿಯರ್ ಕೂಡ ಆರಿಸಿಕೊಳ್ಳಬಹುದು. ಇವಳಿಗೆ ಓದು ಮೊದಲೇ ಆಗಿರುತ್ತದೆ, ಲಾಭ ಅಷ್ಟೇ.

ಬಿ.ಎ. ಒಂದೇ ಕೆಲಸ ಕೊಡಿಸುವುದು ಅಪರೂಪ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೇರ ದಾರಿ ಮೂರು ವರ್ಷದ ಎಲ್‌ಎಲ್‌ಬಿ: ಮಹಾರಾಷ್ಟ್ರದಲ್ಲಿ ಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ. 45 ಇರಬೇಕು. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಎಂ.ಎ., ನಂತರ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್. ಪತ್ರಿಕೋದ್ಯಮ, ಸಂಶೋಧನಾ ಸಂಸ್ಥೆಗಳಲ್ಲಿ ನೋಡುವುದು ಬರವಣಿಗೆಯನ್ನು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕನೇ ವರ್ಷ, ಅಂದರೆ ಆನರ್ಸ್, ಸಂಶೋಧನೆಯತ್ತ ಒಲವಿದ್ದವರಿಗೆ ಸರಿ; ಲಾಯರ್ ಆಗುವವಳು ಮೂರಕ್ಕೇ ನಿಲ್ಲಿಸಿ ಒಂದು ವರ್ಷ ಉಳಿಸಿಕೊಳ್ಳಲಿ.