ಐಸನ್‌ಮೆಂಗರ್: ತೂತು ಇದ್ದರೂ ಮುಚ್ಚಬಾರದ ಹೃದಯ

"ತೂತು ಅದ ಅಂತೀರಿ, ಮುಚ್ಚಾಕ ಬರಲ್ಲ ಅಂತೀರಿ. ಇದು ಹ್ಯಾಂಗ್ರೀ ಸಾಹೇಬ್ರ?"

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ, ಎಕೋ (ಹೃದಯದ ಸ್ಕ್ಯಾನ್) ಕೋಣೆಯ ಬಾಗಿಲಲ್ಲಿ ನಿಂತು ಶಹಾಪುರ ಕಡೆಯ ಆಯಿಯೊಬ್ಬರು ಕೇಳಿದ ಮಾತಿದು. ಪಕ್ಕದಲ್ಲಿ 11 ವರ್ಷದ ಮೊಮ್ಮಗಳು. ಹುಡುಗಿಯ ಕೈಬೆರಳು ನಸುಗೆಂಪಾಗಿದ್ದವು. ಚಪ್ಪಲಿ ಬಿಟ್ಟ ಕಾಲಿನ ಬೆರಳುಗಳು ಮಾತ್ರ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಚೀಟಿಯಲ್ಲಿ ಡಾಕ್ಟರು ಬರೆದಿದ್ದ ಪದ: ಐಸನ್‌ಮೆಂಗರ್.

ನಮ್ಮ ಕಡೆ ಹುಟ್ಟು ಹೃದಯದೋಷ ಯಾವುದೇ ಇರಲಿ, ಎಲ್ಲಕ್ಕೂ 'ತೂತು' ಅಂತಲೇ ಹೆಸರು. ಈ ಹುಡುಗಿಗಿದ್ದದ್ದು ತೂತಲ್ಲ, ಮೈಗೆ ರಕ್ತ ಒಯ್ಯುವ ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಇದ್ದು, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಿದ್ದ ರಕ್ತನಾಳ, ಪಿಡಿಎ. ಎರಡರಲ್ಲೂ ಆಗುವುದು ಒಂದೇ. ಎಡಗಡೆಯ ಒತ್ತಡ ಹೆಚ್ಚು, ಆದ್ದರಿಂದ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶವನ್ನು ತುಂಬುತ್ತದೆ. ಕೂಸು ಮೊಲೆ ಕುಡಿಯುವಾಗ ಹಣೆ ಬೆವರುತ್ತದೆ, ಪಕ್ಕೆ ಹಾರುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ. ದಿನಾ ಸಲಿಕೆ ಹಿಡಿದ ಅಂಗೈ ದಪ್ಪಗಾಗುವ ಹಾಗೆ ಶ್ವಾಸಕೋಶದ ಸಣ್ಣ ನಾಳಗಳೂ ದಪ್ಪಗಾಗಿ ಕಿರಿದಾಗುತ್ತವೆ. ಕೊನೆಗೆ ಅಲ್ಲಿನ ತಡೆ ಎಷ್ಟು ಏರುತ್ತದೆಂದರೆ ರಕ್ತ ತಿರುಗಿ ಬಲದಿಂದ ಎಡಕ್ಕೆ ಹರಿಯುತ್ತದೆ. ಆಮ್ಲಜನಕ ಕಡಿಮೆಯಿರುವ ರಕ್ತ ಮೈಗೆ ಸೇರಿ ಮೈ ನೀಲಿಗಟ್ಟುತ್ತದೆ. ಪಿಡಿಎ ಮಹಾಧಮನಿಗೆ ಸೇರುವುದು ಕೈಗೆ ಹೋಗುವ ನಾಳಗಳು ಕವಲೊಡೆದ ಮೇಲೆ, ಅದಕ್ಕೇ ಈ ಹುಡುಗಿಯ ಕಾಲ್ಬೆರಳು ಮಾತ್ರ ಬಣ್ಣಗೆಟ್ಟಿದ್ದವು. ಈ ತಿರುವಿಗೇ ಐಸನ್‌ಮೆಂಗರ್ ಎನ್ನುವುದು. 1897ರಲ್ಲಿ ಇಂಥ ರೋಗಿಯೊಬ್ಬನ ಬಗ್ಗೆ ಬರೆದ ಆಸ್ಟ್ರಿಯಾದ ವೈದ್ಯ ವಿಕ್ಟರ್ ಐಸನ್‌ಮೆಂಗರ್ ಹೆಸರು ಅದಕ್ಕೆ ಉಳಿದಿದೆ.

ನನಗೆ ಅತಿ ಸಂಕಟವಾಗುವುದು ನಡುವಿನ ಕಾಲದ್ದು. ನಾಳ ಕಿರಿದಾಗುತ್ತಿದ್ದಂತೆ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಕೆಮ್ಮು, ಜ್ವರ ನಿಲ್ಲುತ್ತವೆ, ಮಗು ಮೈಕೈ ತುಂಬಿಕೊಳ್ಳುತ್ತದೆ. "ಈಗ ಆರಾಮ ಅದಾಳ" ಅಂತ ಮನೆಯವರು ಆಸ್ಪತ್ರೆ ಬಿಡುತ್ತಾರೆ. ಆ ಆಯಿಯೂ ಹಾಗೇ ಅಂದುಕೊಂಡಿದ್ದರು. ಆಪರೇಷನ್ನಿನ ಕಾಲ ಜಾರಿಹೋದದ್ದು ಆ ಆರಾಮದ ವರ್ಷಗಳಲ್ಲೇ.

ಹಾಗಾದರೆ ಈಗ ಮುಚ್ಚಿದರೇನು? ಕಿರಿದಾದ ನಾಳಗಳಿಗೆ ರಕ್ತ ತಳ್ಳಿ ಸೋಲುವ ಬಲ ಹೃದಯಕ್ಕೆ ಆ ದಾರಿಯೊಂದೇ ಉಸಿರು. ಅದನ್ನೂ ಮುಚ್ಚಿದರೆ ಬಲ ಹೃದಯ ಕೈಬಿಡುತ್ತದೆ. ಉಳಿಯುವುದು ಶ್ವಾಸಕೋಶದ ನಾಳ ಸಡಿಲಿಸುವ ಸಿಲ್ಡೆನಾಫಿಲ್, ಬೊಸೆಂಟಾನ್‌ನಂಥ ಮಾತ್ರೆ, ಕೆಲವರಿಗೆ ಹೃದಯ-ಶ್ವಾಸಕೋಶ ಕಸಿ. ಹೆಣ್ಣುಮಕ್ಕಳಿಗೆ ಬಸಿರು ಜೀವಕ್ಕೇ ಅಪಾಯ, ಇದನ್ನು ಮದುವೆಗೆ ಮೊದಲೇ ಹೇಳಬೇಕು.

ಆದರೆ ತಡವಾಗಿ ಗೊತ್ತಾದ ಮಕ್ಕಳೆಲ್ಲ ಈ ಹಂತದಲ್ಲಿರುವುದಿಲ್ಲ. ತೊಡೆಸಂದಿನಿಂದ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿ ಶ್ವಾಸಕೋಶದ ತಡೆಯನ್ನು ಅಳೆಯುತ್ತಾರೆ. ಮೈಯಳತೆಗೆ ಹೊಂದಿಸಿದ ಲೆಕ್ಕದಲ್ಲಿ ಅದು 4 ವುಡ್ ಯೂನಿಟ್ಟಿಗಿಂತ (ಈ ತಡೆಯನ್ನು ಅಳೆಯುವ ಮಾನ) ಕಡಿಮೆ ಇದ್ದರೆ ಸಾಮಾನ್ಯವಾಗಿ ಮುಚ್ಚಬಹುದು, 8 ದಾಟಿದರೆ ಸಾಮಾನ್ಯವಾಗಿ ಇಲ್ಲ. ನಡುವಿನವರನ್ನು ಒಬ್ಬೊಬ್ಬರಾಗಿ ತೂಗಿ ನೋಡಬೇಕು. ಕೆಲವರಿಗೆ ಮಾತ್ರೆ ಕೊಟ್ಟು ಮತ್ತೆ ಅಳೆಯುತ್ತಾರೆ, ಕೆಲವರಿಗೆ ಒತ್ತಡ ಏರಿದಾಗ ರಕ್ತ ಎಡಗಡೆಗೆ ದಾಟಲೆಂದು ಚಿಕ್ಕ ಕಿಂಡಿ ಬಿಟ್ಟು ಪ್ಯಾಚ್ ಹೊಲಿಯುತ್ತಾರೆ. ಮೇಲಿನ ಕೋಣೆಗಳ ನಡುವಿನ ತೂತು, ಅಂದರೆ ಎಎಸ್‌ಡಿ, ದೊಡ್ಡವರಾದ ಮೇಲೆ ಸಿಕ್ಕರೂ ಬಹಳ ಸಲ ಮುಚ್ಚಲು ಬರುತ್ತದೆ. ಜಾಗ ಸರಿಯಿದ್ದರೆ ಎದೆ ತೆರೆಯದೆ, ತೂತು ಮುಚ್ಚುವ ಬಿರಡೆಯಂಥ ಡಿವೈಸ್ ಕೂರಿಸುತ್ತಾರೆ.

ಇನ್ನೊಂದು ನೀಲಿ ಇದೆ. ಅದನ್ನು ಐಸನ್‌ಮೆಂಗರ್ ಎಂದು ತಿಳಿದು ಕೈಚೆಲ್ಲಬಾರದು. ಓಡಾಡುತ್ತ ಸುಸ್ತಾಗಿ ಕುಕ್ಕರಗಾಲಲ್ಲಿ ಕೂರುವ ನೀಲಿ ಮಗುವಿಗೆ ಫಾಲೋಟ್ ಎಂಬ ಬೇರೆ ಹುಟ್ಟು ಹೃದಯದೋಷ ಇರಬಹುದು. ಅಲ್ಲಿ ಶ್ವಾಸಕೋಶದ ದಾರಿಯೇ ಇಕ್ಕಟ್ಟು, ಒಳಗಿನ ಸಣ್ಣ ನಾಳಗಳು ದಪ್ಪಗಾಗಿರುವುದಿಲ್ಲ. ಅದಕ್ಕೇ 10, 15 ವರ್ಷಕ್ಕೆ ಬಂದರೂ ಪೂರ್ತಿ ರಿಪೇರಿ ಮಾಡಬಹುದು. ಶ್ವಾಸಕೋಶಕ್ಕೆ ಹೋಗುವ ನಾಳ ತೀರಾ ಸಣ್ಣದಿದ್ದರೆ ಮೊದಲು ಶಂಟ್, ಅಂದರೆ ಅಲ್ಲಿಗೆ ಹೆಚ್ಚು ರಕ್ತ ಒಯ್ಯುವ ಕೊಳವೆ, ಹಾಕಿ ಅದನ್ನು ಬೆಳೆಸುತ್ತಾರೆ. ಒಂದೇ ಬಣ್ಣ, ಅರ್ಥ ಪೂರಾ ಬೇರೆ.

ಅಂಗನವಾಡಿ, ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ 18 ವರ್ಷದವರೆಗಿನ ಮಕ್ಕಳನ್ನು ಪುಕ್ಕಟೆ ತಪಾಸಣೆ ಮಾಡುತ್ತದೆ, ಹುಟ್ಟು ಹೃದಯದೋಷವೂ ಅದರ ಪಟ್ಟಿಯಲ್ಲಿದೆ. ಆದರೆ ಯಾದಗಿರಿ ಕಡೆಯ ಎಷ್ಟೋ ಮಕ್ಕಳು ಆ ಹೊತ್ತಿಗೆ ಅಪ್ಪ-ಅವ್ವನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಅಂಥ ಮಗು ಊರಿಗೆ ಬಂದಾಗ ಆಶಾ ಕಾರ್ಯಕರ್ತೆಗೆ ಹೇಳಿ ತೋರಿಸಿ. ಎದೆಗೆ ಸ್ಟೆತಸ್ಕೋಪ್ ಇಡಿಸಿ, ಆಕ್ಸಿಮೀಟರನ್ನು ಕೈಬೆರಳಿಗೆ ಹಾಕಿದ ಮೇಲೆ ಕಾಲ್ಬೆರಳಿಗೂ ಹಾಕಲು ಕೇಳಿ. ಆ ಹುಡುಗಿಯ ಕೈಗೆ ಮಾತ್ರ ಹಾಕಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.