ಜೀವಂತ ಇಳಿಸಿದ ತಲೆಗೆ ಮಾತ್ರ ದುಡ್ಡು ಎಂದದ್ದಕ್ಕೆ ಕೈದಿ ಹಡಗುಗಳಲ್ಲಿ ಸಾವು ನಿಂತಿತೇ?

ಪ್ರಶ್ನೆ: ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಒಯ್ಯುತ್ತಿದ್ದ ಹಡಗುಗಳಲ್ಲಿ ಬಹಳ ಜನ ದಾರಿಯಲ್ಲೇ ಸಾಯುತ್ತಿದ್ದರಂತೆ. ಹತ್ತಿಸಿಕೊಂಡ ತಲೆಗೆ ಹಣ ಕೊಡುವುದನ್ನು ಬಿಟ್ಟು, ಜೀವಂತ ಇಳಿಸಿದ ತಲೆಗೆ ಕೊಡಲು ಶುರು ಮಾಡಿದ ಕೂಡಲೇ ಸಾವು ನಿಂತಿತಂತೆ. ನಿಜವೇ?

ಉತ್ತರ: ಅರ್ಧ ನಿಜ. ಮ್ಯಾನೇಜ್‌ಮೆಂಟ್ ಭಾಷಣಗಳಲ್ಲೂ ವಾಟ್ಸ್ಯಾಪ್‌ನಲ್ಲೂ ಈ ಕಥೆ ಬಹಳ ಕಾಲದಿಂದ ಓಡಾಡುತ್ತಿದೆ. ಹಣ ಕೊಟ್ಟ ರೀತಿಯಿಂದ ಜನ ಸತ್ತರು ಎಂಬ ಮೊದಲ ಭಾಗ ಸರಿ. ಹಣ ಕೊಡುವ ರೀತಿ ಬದಲಾದ ಕೂಡಲೇ ಸಾವು ನಿಂತಿತು ಎಂಬ ಎರಡನೆಯ ಭಾಗಕ್ಕೆ ದಾಖಲೆಗಳು ಒಪ್ಪುವುದಿಲ್ಲ.

ಮೊದಲಿಗೆ ಒಟ್ಟು ಲೆಕ್ಕ. 1788ರಿಂದ 1868ರವರೆಗಿನ ಎಂಬತ್ತು ವರ್ಷಗಳಲ್ಲಿ ಎಂಟುನೂರಕ್ಕೂ ಹೆಚ್ಚು ಹಡಗುಗಳು ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಮುಟ್ಟಿಸಿದವು. ಇಡೀ ಅವಧಿಯನ್ನು ಒಟ್ಟಿಗೆ ನೋಡಿದರೆ ದಾರಿಯಲ್ಲಿ ಸತ್ತವರು ನೂರಕ್ಕೆ ಇಬ್ಬರ ಆಸುಪಾಸು. ನಾವು ಕೇಳಿರುವ ಭಯಾನಕ ಕಥೆಗಳೆಲ್ಲ ಕೈಬೆರಳೆಣಿಕೆಯ ಹಡಗುಗಳವು, ಹೆಚ್ಚಿನವು ಮೊದಲ ಇಪ್ಪತ್ತೈದು ವರ್ಷಗಳವು.

1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ ಹೊರಟ ಮೊದಲ ತಂಡದ ಹನ್ನೊಂದು ಹಡಗುಗಳಲ್ಲಿ ಕೈದಿಗಳು, ಸೈನಿಕರು, ನಾವಿಕರು ಸೇರಿ ಸುಮಾರು 1,400 ಜನರಿದ್ದರು. ಟೆನೆರಿಫ್, ರಿಯೊ ಡಿ ಜನೈರೊ, ಕೇಪ್‌ಟೌನ್ ಸುತ್ತಿಕೊಂಡು ಎಂಟು ತಿಂಗಳ ಮೇಲೆ ದಡ ಮುಟ್ಟಿದರೂ ಸತ್ತವರು ಐವತ್ತರೊಳಗೆ. ತಂಡದ ಮುಖ್ಯಸ್ಥ ಆರ್ಥರ್ ಫಿಲಿಪ್ ಹೊರಡುವ ಮೊದಲೇ ತಾಜಾ ಮಾಂಸಕ್ಕೆ, ಬಟ್ಟೆಗೆ, ಔಷಧಿಗೆ ಸರ್ಕಾರದ ಬೆನ್ನು ಬಿದ್ದಿದ್ದ. ಬಂದರು ಸಿಕ್ಕಲ್ಲೆಲ್ಲ ಹಣ್ಣು, ತರಕಾರಿ ತುಂಬಿಸಿದ. ಆ ತಂಡದ ಹಡಗುಗಳ ಗುತ್ತಿಗೆಯಲ್ಲಿ 'ಜೀವಂತ ಇಳಿಸಿದರೆ ಬಹುಮಾನ' ಎಂಬ ಷರತ್ತೇನೂ ಇರಲಿಲ್ಲ.

ಅನಾಹುತವಾದದ್ದು 1790ರ ಎರಡನೆಯ ತಂಡದಲ್ಲಿ. ಕ್ಯಾಮ್ಡನ್, ಕ್ಯಾಲ್ವರ್ಟ್ ಅಂಡ್ ಕಿಂಗ್ ಎಂಬ ಲಂಡನ್ನಿನ ಕಂಪನಿಗೆ ಗುತ್ತಿಗೆ ಸಿಕ್ಕಿತ್ತು. ಅದರ ಕಸುಬು ಆಫ್ರಿಕಾದ ಗುಲಾಮರ ಸಾಗಣೆ. ಹತ್ತಿಸಿಕೊಂಡ ಪ್ರತಿ ತಲೆಗೆ 17 ಪೌಂಡ್ 7 ಶಿಲಿಂಗ್ 6 ಪೆನ್ಸ್. ಬದುಕಿ ಇಳಿದರೂ ಅಷ್ಟೇ, ಸತ್ತರೂ ಅಷ್ಟೇ. ನೆಪ್ಚೂನ್, ಸರ್‌ಪ್ರೈಸ್, ಸ್ಕಾರ್ಬರೋ ಎಂಬ ಮೂರು ಹಡಗುಗಳು ಜನವರಿಯಲ್ಲಿ ಹೊರಟು ಜೂನ್ ಕೊನೆಗೆ ಸಿಡ್ನಿ ತಲುಪಿದವು. ಸುಮಾರು ಸಾವಿರ ಕೈದಿಗಳಲ್ಲಿ 260ಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ನೆಪ್ಚೂನ್ ಒಂದರಲ್ಲೇ 158.

ಸರ್‌ಪ್ರೈಸ್‌ನಲ್ಲಿದ್ದ ಸೇನಾಧಿಕಾರಿ ವಿಲಿಯಂ ಹಿಲ್ ತಾನು ಕಂಡದ್ದನ್ನು ಕಾಗದದಲ್ಲಿ ಬರೆದಿಟ್ಟ. ಗುಲಾಮರಿಗೆ ಹಾಕುತ್ತಿದ್ದ ಬೇಡಿಗಳನ್ನೇ ಕೈದಿಗಳ ಕಾಲಿಗೂ ಹಾಕಿದ್ದರು. ಎರಡು ಕಣಕಾಲುಗಳ ನಡುವೆ ಸರಪಳಿಯ ಬದಲು ಗಿಡ್ಡ ಕಬ್ಬಿಣದ ಸರಳು. ಕಾಲನ್ನು ಒಂದೆರಡು ಅಂಗುಲಕ್ಕಿಂತ ಹೆಚ್ಚು ಸರಿಸಲು ಹೋದರೆ ಮುರಿಯುವ ಭಯ. ಹಡಗಿಗೆ ನೀರು ನುಗ್ಗಿದಾಗ ಜನ ಸೊಂಟಮಟ್ಟದ ನೀರಿನಲ್ಲಿ ಹಾಗೆಯೇ ಕೂತಿರಬೇಕಿತ್ತು. ಪಕ್ಕದವನು ಸತ್ತರೆ ಅವನ ಪಾಲಿನ ಊಟ ಸಿಗಲೆಂದು ಹೆಣವನ್ನು ಮುಚ್ಚಿಟ್ಟದ್ದೂ ಉಂಟು. ಇದಕ್ಕಿಂತ ಗುಲಾಮರ ವ್ಯಾಪಾರವೇ ಕರುಣೆಯದು ಎನ್ನುತ್ತಾನೆ ಹಿಲ್. ಅಲ್ಲಿ ಕಪ್ತಾನನಿಗೆ ಲಾಭ ಬರುವುದು ಗುಲಾಮ ಬದುಕಿದ್ದರೆ. ಇಲ್ಲಿ ಕೈದಿ ಬೇಗ ಸತ್ತಷ್ಟೂ ಅವನ ಪಾಲಿನ ದಿನಸಿ ಉಳಿಯುತ್ತದೆ. ಉಳಿದ ಸರಕನ್ನು ಹಡಗಿನವರು ಸಿಡ್ನಿಯಲ್ಲಿ ಅಂಗಡಿ ತೆರೆದು ದುಬಾರಿ ಬೆಲೆಗೆ ಮಾರಿದರು. ಊರೇ ಹಸಿದು ಕೂತಿದ್ದ ಕಾಲವದು.

ಪಾದ್ರಿ ರಿಚರ್ಡ್ ಜಾನ್ಸನ್ ಸರ್‌ಪ್ರೈಸ್‌ನ ಒಳಗಿಳಿದು ನೋಡಿದ. ಅರೆಬೆತ್ತಲೆ ಜನ, ಹಾಸಿಗೆಯಿಲ್ಲ, ಹೊರಳುವ ತ್ರಾಣವಿಲ್ಲ. ಸ್ಕಾರ್ಬರೋದೊಳಗೆ ಇಳಿಯಬೇಡಿ ಎಂದು ಅದರ ಕಪ್ತಾನ ಅವನನ್ನು ತಡೆದ. ನಡೆಯಲಾಗದವರನ್ನು ಪೀಪಾಯಿ ಇಳಿಸಿದ ಹಾಗೆ ಹಗ್ಗ ಕಟ್ಟಿ ದೋಣಿಗೆ ಇಳಿಸಿದರು. ಹೊರಗಿನ ಗಾಳಿ ಸೋಕಿದೊಡನೆ ಕೆಲವರ ಪ್ರಾಣ ಹೋಯಿತು.

ದೂರದ ದಾರಿ, ಕೆಟ್ಟ ಸಮುದ್ರ, ಇನ್ನೇನಾದೀತು ಎನ್ನುವವರಿಗೆ ಲೇಡಿ ಜೂಲಿಯಾನಾ ಹಡಗಿನ ಉದಾಹರಣೆ ಸಾಕು. ಅದೇ ತಂಡದ್ದೆಂದು ಲೆಕ್ಕವಾದರೂ ಗುತ್ತಿಗೆದಾರ ಬೇರೆ. ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ಹೊತ್ತು, ಬಂದರು ಬಂದರಿನಲ್ಲಿ ತಂಗುತ್ತ, ಹತ್ತು ತಿಂಗಳಿಗೂ ಹೆಚ್ಚು ಸಮಯ ತೆಗೆದುಕೊಂಡು ಬಂತು. ಸತ್ತವರು ಐವರು. ಅದರ ಅರ್ಧದಷ್ಟು ಸಮಯದಲ್ಲಿ ಬಂದ ಹಡಗುಗಳು ಕಾಲುಭಾಗ ಜನರನ್ನು ಕಳೆದುಕೊಂಡಿದ್ದವು.

ನೆಪ್ಚೂನ್‌ನ ಕಪ್ತಾನ ಡೊನಾಲ್ಡ್ ಟ್ರೇಲ್ ಮೇಲೆ 1792ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಕೊಲೆಯ ವಿಚಾರಣೆ ನಡೆದು ಅವನು ಖುಲಾಸೆಯಾದ. ಸಿಡ್ನಿಯ ಸುದ್ದಿ ಇಂಗ್ಲೆಂಡ್ ತಲುಪುವ ಮೊದಲೇ ಮೂರನೆಯ ತಂಡದ ಗುತ್ತಿಗೆಯೂ ಅದೇ ಕಂಪನಿಯ ಪಾಲಾಗಿತ್ತು. 1791ರಲ್ಲಿ ಬಂದ ಆ ಸುಮಾರು 2,000 ಕೈದಿಗಳಲ್ಲಿ ಮತ್ತೆ ಸುಮಾರು 180 ಸಾವು.

ಸರ್ಕಾರ ಗುತ್ತಿಗೆ ತಿದ್ದಿದ್ದು ಆಮೇಲೆ. ಒಂದು ಪಾಲು ಹಣ ಹತ್ತಿಸಿಕೊಂಡಾಗ, ಇನ್ನೊಂದು ಪಾಲು ಜೀವಂತ ಇಳಿಸಿದಾಗ. ಸಾವು ತಗ್ಗಿದ್ದು ನಿಜ. ಭಾಷಣಕಾರರು ಕಥೆಗೆ ಇಲ್ಲಿ ಮಂಗಳ ಹಾಡುತ್ತಾರೆ, 1798ರ ಕೊನೆಯಲ್ಲಿ ಹೊರಟ ಹಿಲ್ಸ್‌ಬರೋ ಹಡಗಿನ ಮಾತು ಎತ್ತುವುದಿಲ್ಲ. ಬದುಕಿ ಇಳಿದ ಪ್ರತಿ ತಲೆಗೂ ಹೆಚ್ಚುವರಿ ಹಣವಿದ್ದ ಹಡಗು ಅದು. ಹೊರಟ 300 ಕೈದಿಗಳಲ್ಲಿ 95 ಜನ ಸತ್ತರು. ಹೇನಿನಿಂದ ಹರಡುವ ಟೈಫಸ್, ಅಂದಿನವರ ಮಾತಿನಲ್ಲಿ ಜೈಲು ಜ್ವರ, ಬಂದರಿನಲ್ಲಿ ನಿಲ್ಲಿಸಿದ್ದ ತೇಲುವ ಸೆರೆಮನೆಗಳಿಂದ ಕೈದಿಗಳ ಜೊತೆಯೇ ಹಡಗೇರಿತ್ತು. ಬಹುಮಾನದ ಆಸೆ ಹೇನಿಗೆ ಗೊತ್ತಿಲ್ಲವಲ್ಲ! ಹಡಗಿನಲ್ಲಿ ವೈದ್ಯನಿರುತ್ತಿದ್ದ, ಸರಿ. ಆದರೆ ಅವನಿಗೆ ಸಂಬಳ ಕೊಡುವವನು ಹಡಗಿನ ಮಾಲೀಕ. ಗುತ್ತಿಗೆದಾರನೇ ಇಂಜಿನಿಯರನಿಗೂ ಸಂಬಳ ಕೊಟ್ಟು ಬಿಲ್ ಪಾಸು ಮಾಡಿಸಿಕೊಂಡರೆ ರಸ್ತೆ ಹೇಗಿದ್ದೀತು?

1814ರಲ್ಲಿ ಮತ್ತೆ ಹೊಡೆತ ಬಿತ್ತು. ಕಲ್ಕತ್ತೆಯಲ್ಲಿ ಕಟ್ಟಿದ ಜನರಲ್ ಹೆವಿಟ್ ಹಡಗಿನಲ್ಲಿ 34 ಕೈದಿಗಳು ಸತ್ತರು. ಸರ್ರಿ ಹಡಗಿನಲ್ಲಿ 36 ಕೈದಿಗಳ ಜೊತೆಗೆ ಕಪ್ತಾನ, ಅವನ ಕೈಕೆಳಗಿನ ಅಧಿಕಾರಿಗಳು ಟೈಫಸ್‌ಗೆ ಬಲಿಯಾಗಿ, ನಡೆಸುವವರೇ ಇಲ್ಲದಾಯಿತು. ಸಮುದ್ರದಲ್ಲಿ ಎದುರಾದ ಇನ್ನೊಂದು ಹಡಗಿನ ನಾವಿಕನೊಬ್ಬ ಜೀವದ ಹಂಗು ತೊರೆದು ಹತ್ತಿಬಂದು ಅದನ್ನು ಸಿಡ್ನಿಗೆ ತಂದ.

ಸಿಡ್ನಿಯ ವಸಾಹತನ್ನು ಆಳುತ್ತಿದ್ದ ಗವರ್ನರ್ ಮ್ಯಾಕ್ವರಿ ಇದರ ತನಿಖೆಯನ್ನು ಒಪ್ಪಿಸಿದ್ದು ವಿಲಿಯಂ ರೆಡ್‌ಫರ್ನ್‌ಗೆ. ರೆಡ್‌ಫರ್ನ್ ಸ್ವತಃ ಕೈದಿಯಾಗಿ ಬಂದವನು. ನೌಕಾಪಡೆಯಲ್ಲಿ ಸಹಾಯಕ ವೈದ್ಯನಾಗಿದ್ದಾಗ 1797ರಲ್ಲಿ ನಾವಿಕರು ಎದ್ದ ನೋರ್ ದಂಗೆಯಲ್ಲಿ ಸಿಕ್ಕಿಬಿದ್ದು, ಮರಣದಂಡನೆಯಿಂದ ಪಾರಾಗಿ ಗಡೀಪಾರಾಗಿದ್ದ. ಕೈದಿ ಹಡಗಿನ ಹೊಟ್ಟೆ ಒಳಗಿನಿಂದ ಕಂಡವನು. ಅವನ ವರದಿಯಲ್ಲಿ ನಯವಿಲ್ಲ: ಮಾಲೀಕರು ನೇಮಿಸುವ ವೈದ್ಯರು ಒಂದೋ ಆಗಷ್ಟೇ ಪಾಠ ಮುಗಿಸಿದ ಹುಡುಗರು, ಇಲ್ಲವೇ ಕುಡಿದು ಕೆಟ್ಟವರು. ಅವರ ಬದಲು ನೌಕಾಪಡೆಯ ವೈದ್ಯರನ್ನು ಸರ್ಕಾರವೇ ನೇಮಿಸಲಿ, ಕೈದಿಗಳ ವಿಷಯದಲ್ಲಿ ಕಪ್ತಾನನ ಹಂಗು ಅವರಿಗಿರಬಾರದು ಎಂದ. ಗಾಳಿ, ಶುಚಿತ್ವ, ಡೆಕ್ಕಿನ ಮೇಲೆ ಓಡಾಟ ಎಲ್ಲಕ್ಕೂ ಸಲಹೆ ಕೊಟ್ಟ. 1815ರಿಂದ ಹಾಗೆಯೇ ಆಯಿತು. ನನ್ನ ಮಟ್ಟಿಗೆ ನಿಜವಾದ ತಿರುವು ಇದೇ.

ಹಡಗೇನೂ ಅರಮನೆಯಾಗಲಿಲ್ಲ. ಆರಡಿ ಚೌಕದ ಹಲಗೆಯ ಮೇಲೆ ನಾಲ್ವರು, ಅಂದರೆ ತಲೆಗೆ ಒಂದೂವರೆ ಅಡಿ ಅಗಲ. ಬೆಳಿಗ್ಗೆ ಹಾಸಿಗೆಗಳೆಲ್ಲ ಮೇಲಕ್ಕೆ ಬಂದು ಗಾಳಿಗೆ ಒಣಗಬೇಕು, ಕೆಳಗಿನ ನೆಲವನ್ನು ನೀರು ಸುರಿಯದೆ ಕಲ್ಲಿನಿಂದ ಉಜ್ಜಬೇಕು. ತಾಜಾ ಹಣ್ಣು, ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗ ಬಾರದಿರಲೆಂದು ಸಕ್ಕರೆ ಬೆರೆಸಿದ ನಿಂಬೆರಸ. ವೈದ್ಯ ದಿನಚರಿ ಬರೆದು ಸರ್ಕಾರಕ್ಕೆ ಒಪ್ಪಿಸಬೇಕು. ಅವನು ಒಳ್ಳೆಯ ಮಾತು ಬರೆಯದಿದ್ದರೆ ಕಪ್ತಾನನ ಇನಾಮಿಗೆ ಕತ್ತರಿ. ಅಂದರೆ ಹಣದ ಆಸೆ ಕೆಲಸ ಮಾಡಿದ್ದು ಲೆಕ್ಕ ನೋಡಲು ಹೊರಗಿನವನೊಬ್ಬ ಹಡಗಿನಲ್ಲೇ ಕೂತ ಮೇಲೆ. ಸಾವು ನೂರಕ್ಕೆ ಒಂದರ ಹತ್ತಿರಕ್ಕೆ ಇಳಿಯಿತು.

ಆ ನಂತರ ಒಮ್ಮೆಲೇ ನೂರಾರು ಜನ ಸತ್ತದ್ದು ಹಡಗು ಒಡೆದಾಗ ಮಾತ್ರ: 1833ರಲ್ಲಿ ಫ್ರಾನ್ಸಿನ ಬೂಲೋನ್ ದಡದಲ್ಲಿ ಹೆಂಗಸರಿದ್ದ ಆಂಫಿಟ್ರೈಟ್, 1835ರಲ್ಲಿ ಟಾಸ್ಮೇನಿಯಾದ ಬಳಿ ಜಾರ್ಜ್ ದಿ ಥರ್ಡ್ ಮತ್ತು ಕಿಂಗ್ ದ್ವೀಪದ ಹತ್ತಿರ ನೇವಾ. ಅಷ್ಟೆಲ್ಲ ಹೆಣ ಕಂಡ ಸರ್ರಿ ಮಾತ್ರ 1842ರವರೆಗೂ ಕೈದಿಗಳನ್ನು ಹೊತ್ತು ಓಡಾಡಿತು, ಒಟ್ಟು ಹನ್ನೊಂದು ಸಲ. 1814ರ ಆ ಯಾನದಲ್ಲಿ ಉಳಿದುಕೊಂಡ ಕಿರಿಯ ಅಧಿಕಾರಿ ಥಾಮಸ್ ರೇನ್ ಮುಂದೆ ಹಲವು ವರ್ಷ ಅದರ ಕಪ್ತಾನನಾಗಿದ್ದ.