ತಾಲ್ಲೂಕು ಐದು, ಶಾಸಕರು ಇಬ್ಬರೇ ಯಾಕೆ?

ಪ್ರಶ್ನೆ: ಕೊಡಗಿನಲ್ಲಿ ಈಗ ಐದು ತಾಲ್ಲೂಕುಗಳಿವೆ, ಶಾಸಕರು ಮಾತ್ರ ಇಬ್ಬರು. ಮೊದಲು ಮೂವರಿದ್ದರು. ಆ ಮೂರನೆಯ ಸ್ಥಾನವನ್ನು ಕಿತ್ತುಕೊಂಡವರು ಯಾರು? ತಾಲ್ಲೂಕಿಗೊಬ್ಬರಂತೆ ಐವರು ಶಾಸಕರು ನಮಗೆ ಸಿಗುವುದು ಯಾವಾಗ?

ಉತ್ತರ: ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕುಗಳಾದಾಗಿನಿಂದ ಈ ಪ್ರಶ್ನೆಗೆ ಬಿಡುವಿಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತಾರೆ. ಉತ್ತರ ಹೇಳಿದರೆ "ಅದೆಲ್ಲ ಸರಿ ಸಾರ್, ಆದರೂ ತಾಲ್ಲೂಕಿಗೆ ಒಬ್ಬರಾದರೂ ಬೇಡವಾ?" ಅಂತ ಮತ್ತೆ ಮೊದಲಿಗೇ ಬರುತ್ತಾರೆ. ಈ ಸಲ ಲೆಕ್ಕವನ್ನೇ ಬರೆದು ಮುಗಿಸುತ್ತೇನೆ.

ತಾಲ್ಲೂಕಿಗೂ ವಿಧಾನಸಭಾ ಕ್ಷೇತ್ರಕ್ಕೂ ಸಂಬಂಧವೇ ಇಲ್ಲ. ತಾಲ್ಲೂಕು ಕಂದಾಯ ಇಲಾಖೆಯ ಅನುಕೂಲಕ್ಕೆ ಆದದ್ದು: ತಹಶೀಲ್ದಾರರು, ಪಹಣಿ, ಜಾತಿ ಪ್ರಮಾಣಪತ್ರ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ನಾಳೆ ಇನ್ನೊಂದು ತಾಲ್ಲೂಕು ಘೋಷಿಸಬಹುದು. ಕ್ಷೇತ್ರವನ್ನು ಹಾಗೆ ಘೋಷಿಸಲು ಮುಖ್ಯಮಂತ್ರಿಗಳಿಂದಲೂ ಆಗದು. ಸಂವಿಧಾನದ 170ನೇ ವಿಧಿ ಹೇಳುವುದು ಇಷ್ಟೇ: ಒಂದು ಕ್ಷೇತ್ರದಲ್ಲಿ ಎಷ್ಟು ಜನರೋ, ಸಾಧ್ಯವಾದಷ್ಟು ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಅಷ್ಟೇ ಜನರಿರಬೇಕು. ರೇಷನ್ ಅಕ್ಕಿ ಕೊಡುವುದು ತಲೆ ಲೆಕ್ಕದಲ್ಲಿ. ಮನೆಯೊಳಗೆ ಎರಡು ಗೋಡೆ ಎಬ್ಬಿಸಿ ಐದು ಕೋಣೆ ಮಾಡಿಕೊಂಡೆವೆಂದು ಅಕ್ಕಿ ಹೆಚ್ಚು ಕೊಡಿ ಎನ್ನಲಾಗುವುದಿಲ್ಲ. ನಾವು ಕೇಳುತ್ತಿರುವುದು ಅದನ್ನೇ.

ನಂಬಿಕೆ ಬರದಿದ್ದರೆ ಬೆಂಗಳೂರು ನಗರ ಜಿಲ್ಲೆಯನ್ನು ನೋಡಿ. ಅಲ್ಲೂ ಐದೇ ತಾಲ್ಲೂಕು: ಉತ್ತರ, ದಕ್ಷಿಣ, ಪೂರ್ವ, ಯಲಹಂಕ, ಆನೇಕಲ್. ವಿಸ್ತೀರ್ಣದಲ್ಲಿ 4,102 ಚದರ ಕಿಲೋಮೀಟರಿನ ಕೊಡಗಿನ ಅರ್ಧದಷ್ಟು. ಶಾಸಕರು 28! ತಾಲ್ಲೂಕೇ ಲೆಕ್ಕವಾಗಿದ್ದರೆ ಅವರಿಗೂ ಐವರೇ ಇರಬೇಕಿತ್ತು.

ಈ ತಪ್ಪು ಕಲ್ಪನೆ ಇಷ್ಟು ಗಟ್ಟಿಯಾಗಿ ಕೂರಲು ಕಾರಣವೂ ಇದೆ. 2008ಕ್ಕೆ ಮೊದಲು ನಮ್ಮಲ್ಲಿ ತಾಲ್ಲೂಕೂ ಮೂರು, ಕ್ಷೇತ್ರವೂ ಮೂರು, ಹೆಸರೂ ಅವೇ: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಎರಡು ಪಟ್ಟಿ ಪಕ್ಕಪಕ್ಕ ಒಂದೇ ಥರ ಕಂಡರೆ ಯಾರಾದರೂ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ಅದು ಕಾಕತಾಳೀಯ, ನಿಯಮವಲ್ಲ. ಇವತ್ತಿನ ಸ್ಥಿತಿ ನೋಡಿ: ನಾಪೋಕ್ಲು, ಭಾಗಮಂಡಲದವರು ಮಡಿಕೇರಿ ತಾಲ್ಲೂಕಿನವರು. ಪಹಣಿಗೆ ಹೋಗುವುದು ಮಡಿಕೇರಿಗೆ, ಮತ ಹಾಕುವುದು ವಿರಾಜಪೇಟೆ ಕ್ಷೇತ್ರಕ್ಕೆ. ಅಲ್ಲಿಯ ಯಾರನ್ನಾದರೂ ಕೇಳಿದ್ದರೆ ನನ್ನ ಅರ್ಧ ಪುಟ ಉಳಿಯುತ್ತಿತ್ತು.

ಇನ್ನು ಕಿತ್ತುಕೊಂಡವರು ಯಾರು ಎಂಬ ವಿಷಯ. ಯಾವ ಪಕ್ಷವೂ ಅಲ್ಲ, ಯಾವ ಮುಖ್ಯಮಂತ್ರಿಯೂ ಅಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿ ಹಿಡಿದುಕೊಂಡು ಭಾಗಾಕಾರ ಮಾಡಿತು. ರಾಜ್ಯದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2,35,940 ಜನ. ಕೊಡಗಿನ ಜನಸಂಖ್ಯೆ 5,48,561. ಭಾಗಿಸಿ ನೋಡಿ: 2.32. ಅರ್ಧಕ್ಕಿಂತ ಕಡಿಮೆ ಭಿನ್ನರಾಶಿಯನ್ನು ಬಿಡುವುದು, ಅರ್ಧ ಅಥವಾ ಅದಕ್ಕಿಂತ ಹೆಚ್ಚಾದರೆ ಒಂದು ಎಂದು ಹಿಡಿಯುವುದು ಪದ್ಧತಿ. ನಮಗೆ ಎರಡು ಬಂತು. ಬೆಂಗಳೂರು ನಗರದ 65,37,124ನ್ನು ಹಾಗೇ ಭಾಗಿಸಿದರೆ 27.7, ಅವರಿಗೆ 28 ಹೋಯಿತು. ಕೊಡಗಿನಲ್ಲಿ ಇನ್ನು ಸುಮಾರು 41 ಸಾವಿರ ಜನ ಇದ್ದಿದ್ದರೆ ಮೂರನೆಯದು ಉಳಿಯುತ್ತಿತ್ತು.

"ಹಾಗಾದರೆ ಪಿರಿಯಾಪಟ್ಟಣದ ಒಂದಿಷ್ಟು ಊರು ಸೇರಿಸಿಕೊಳ್ಳಬಹುದಿತ್ತಲ್ಲ?" ಇಲ್ಲ. ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದೆಂದು ಆಯೋಗ ಮೊದಲೇ ಇಟ್ಟುಕೊಂಡಿತ್ತು. ಲೋಕಸಭೆಗೆ ಮಾತ್ರ ಪಿರಿಯಾಪಟ್ಟಣದ ಜೊತೆ ನಾವೂ ಮೈಸೂರಿಗೆ ಸೇರಿದೆವು. ಅದಕ್ಕೂ ಮುಂಚೆ ಘಟ್ಟ ಇಳಿದು ಮಂಗಳೂರಿನ ಜೊತೆ ಇದ್ದೆವು.

ಗುಡ್ಡಗಾಡು, ಆನೆ, ಮಳೆಗಾಲದಲ್ಲಿ ಕುಸಿಯುವ ರಸ್ತೆ, ಇದಕ್ಕೆಲ್ಲ ರಿಯಾಯಿತಿ ಇಲ್ಲವೇ ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕುಟ್ಟದಿಂದ ತಲಕಾವೇರಿಯವರೆಗೆ ಒಬ್ಬರೇ ಶಾಸಕರು ಓಡಾಡಬೇಕು. ಬೆಂಗಳೂರಿನ ಶಾಸಕರು ಬೆಳಗಿನ ವಾಕಿಂಗ್‌ನಲ್ಲೇ ಅರ್ಧ ಕ್ಷೇತ್ರ ಮುಗಿಸಬಹುದು. ಅನ್ಯಾಯ ಅನ್ನಿಸುವುದು ಸಹಜ. ಆದರೆ ಕಾನೂನಿನಲ್ಲಿ ಬೆಟ್ಟ, ಹೊಳೆ, ಸಂಚಾರದ ಅನುಕೂಲಗಳನ್ನು ನೋಡುವುದು ಗೆರೆ ಎಲ್ಲಿ ಎಳೆಯಬೇಕು ಎನ್ನುವುದಕ್ಕೆ, ಎಷ್ಟು ಸ್ಥಾನ ಕೊಡಬೇಕು ಎನ್ನುವುದಕ್ಕಲ್ಲ. ಕಾಫಿ ಗಿಡಕ್ಕೂ ಕಾಡಿನ ಮರಕ್ಕೂ ವೋಟಿಲ್ಲ.

2011ರ ಲೆಕ್ಕದಲ್ಲಿ ನಮ್ಮ ಪಾಲು ಇನ್ನೂ ಇಳಿದಿದೆ. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಹೆಚ್ಚು ಬೆಳೆದರೆ ಕೊಡಗು ಬೆಳೆದದ್ದು ಬರೀ ಶೇ. 1ರಷ್ಟು, 5,54,519ಕ್ಕೆ. ಮಕ್ಕಳು ಓದಿಗೂ ಕೆಲಸಕ್ಕೂ ಬೆಂಗಳೂರು, ಮೈಸೂರು ಸೇರಿದ ಮೇಲೆ ತಲೆ ಎಣಿಸುವುದು ಅಲ್ಲೇ. ಹೊಸ ಸರಾಸರಿಯಿಂದ ಭಾಗಿಸಿದರೆ 2.03. ಐದರ ಮಾತು ಬಿಡಿ, ಮೂರೂ ದೂರ ಹೋಯಿತು. ಎರಡು ಒಂದಾಗಬೇಕಾದರೆ 1.5ಕ್ಕಿಂತ ಕೆಳಗಿಳಿಯಬೇಕು, ಸದ್ಯಕ್ಕೆ ಆ ಭಯವಿಲ್ಲ. ರಾಜ್ಯದ ಒಟ್ಟು ಸ್ಥಾನಗಳನ್ನು ಸಂವಿಧಾನದ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿದೆ. ಮನವಿಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುವವರು ಇದನ್ನು ತಿಳಿದು ಹೋದರೆ ಒಳ್ಳೆಯದು. ಜಿಲ್ಲಾಧಿಕಾರಿಗಳ ಕೈಯಲ್ಲಿ ಇದು ಇಲ್ಲ.

ಆ ಪುನರ್ವಿಂಗಡಣೆಯಲ್ಲಿ ಇನ್ನೊಂದನ್ನೂ ಕಳೆದುಕೊಂಡೆವು. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು, 2008ರಿಂದ ಸಾಮಾನ್ಯ ಕ್ಷೇತ್ರವಾಯಿತು. ಪಂಗಡದ ಜನರ ಪ್ರಮಾಣ ಎಲ್ಲಿ ಹೆಚ್ಚೋ ಆ ಕ್ಷೇತ್ರಗಳಿಗೆ ಮೀಸಲು ಹೋಗುತ್ತದೆ. ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಇರುವ ಯರವರಿಗೆ, ಜೇನುಕುರುಬರಿಗೆ ಜಿಲ್ಲೆಯಲ್ಲಿದ್ದ ಒಂದೇ ಮೀಸಲು ಬಾಗಿಲು ಹಾಗೆ ಮುಚ್ಚಿತು. ಮೂರನೆಯ ಸ್ಥಾನಕ್ಕಿಂತ ಇದು ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ.

ಹಿರಿಯರು "ನಮಗೆ 24 ಶಾಸಕರಿದ್ದರು" ಎನ್ನುತ್ತಾರಲ್ಲ, ಅದು ಸುಳ್ಳಲ್ಲ. 1952ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಮಡಿಕೇರಿ ಕೋಟೆಯಲ್ಲಿ ವಿಧಾನಸಭೆ. 1951ರ ಜನಗಣತಿಯಲ್ಲಿ ಜಿಲ್ಲೆಯಲ್ಲಿದ್ದವರು 2,29,405 ಜನ, ಅಂದರೆ ಸುಮಾರು ಒಂಬತ್ತೂವರೆ ಸಾವಿರಕ್ಕೆ ಒಬ್ಬ ಶಾಸಕ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಲೆಕ್ಕ ಹೋಯಿತು. ದೊಡ್ಡ ಮನೆಗೆ ಸೇರಿದ ಮೇಲೆ ದೊಡ್ಡ ಮನೆಯ ಸರಾಸರಿಯೇ.

ಇಷ್ಟೆಲ್ಲ ಕೇಳುವವರು ವಿಧಾನ ಪರಿಷತ್ತಿನ ಸುದ್ದಿ ಎತ್ತುವುದಿಲ್ಲ. ಕೊಡಗಿಗೆ ಲಾಭವಿರುವುದು ಅಲ್ಲೇ. ಪರಿಷತ್ತಿನಲ್ಲಿ 75 ಜನ: ಶಾಸಕರು ಆರಿಸುವ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರು ನಾಮಕರಣ ಮಾಡುವ 11. ಸ್ಥಳೀಯ ಸಂಸ್ಥೆಗಳ 25ರಲ್ಲಿ ಒಂದು ಪೂರ್ತಿ ಸ್ಥಾನ ಕೊಡಗಿಗೇ. ಇಲ್ಲಿ ಮತದಾರರು ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿಗಳಂಥ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರಿನಲ್ಲಿ ಮಂಥರ್ ಗೌಡ ಇಲ್ಲಿ ನೂರರ ಆಸುಪಾಸಿನ ಮತಗಳಿಂದ ಸೋತರು. ಒಂದೂವರೆ ವರ್ಷದೊಳಗೆ ಮಡಿಕೇರಿ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ನಿಮ್ಮ ವಾರ್ಡಿನ ಪಂಚಾಯಿತಿ ಸದಸ್ಯರಿಗೆ ಆ ದಿನಗಳಲ್ಲಿ ಅಷ್ಟು ಮರ್ಯಾದೆ ಯಾಕೆ ಸಿಕ್ಕಿತೆಂದು ಈಗ ಗೊತ್ತಾಯಿತಲ್ಲ.

ಪರಿಷತ್ತಿಗೆ ಇವಿಎಂ ಇಲ್ಲ, ಕಾಗದದ ಮತಪತ್ರ. ಚುನಾವಣಾಧಿಕಾರಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಟಿಕ್ ಹಾಕಿದರೆ ಮತ ಕುಲಗೆಟ್ಟಿತು, ಜೇಬಿನ ಪೆನ್ನು ತೆಗೆದರೂ ಅಷ್ಟೇ.

ಪದವೀಧರರಿಗೆ ಒಂದು ಮಾತು. ನಮ್ಮದು ನೈರುತ್ಯ ಪದವೀಧರ ಕ್ಷೇತ್ರ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದವರೆಲ್ಲ ಇದರಲ್ಲಿದ್ದಾರೆ. ಡಿಗ್ರಿ ಇದೆ, ವೋಟರ್ ಐಡಿ ಇದೆ, ಹೆಸರು ತಾನಾಗಿ ಬರುತ್ತದೆ ಎಂದು ಮನೆಯಲ್ಲಿ ಕೂರಬೇಡಿ. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಮತ ಹಾಕಿದ್ದವರೂ ನಮೂನೆ 18ನ್ನು ಮತ್ತೆ ತುಂಬಿ ಕೊಡಬೇಕು, ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಕಳೆದ ಚುನಾವಣೆ ಆದದ್ದು 2024ರಲ್ಲಿ, ಅವಧಿ ಆರು ವರ್ಷ. ಮತದಾನದ ದಿನ ಬೂತಿನ ಮುಂದೆ ನಿಂತು "ನನ್ನ ಹೆಸರೇ ಇಲ್ಲ" ಎಂದು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.